ಅಮ್ಮನ ಎಕ್ಸ್‌ರೇ ಮೇಲೆ ಪಟ್ಟೆಗಳು ಎಲ್ಲಿಂದ ಬಂದವು?

ಹೋದ ಮಳೆಗಾಲದಲ್ಲಿ ಅಮ್ಮ ಅಂಗಳದ ಪಾಚಿ ಮೇಲೆ ಕಾಲು ಜಾರಿ ಬಿದ್ದರು. ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಸೊಂಟದ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ ಅಂದರು ಡಾಕ್ಟರು. ಆದರೆ ಮೊಬೈಲಿಗೆ ಬಂದ ಚಿತ್ರದ ತುಂಬಾ ಸೀರೆ ಅಂಚಿನ ಹಾಗೆ ಸಾಲು ಸಾಲು ಪಟ್ಟೆ. ಅದು ಏನು ಅಂತ ಅಲ್ಲಿ ಯಾರೂ ಹೇಳಲಿಲ್ಲ. ಬೆನ್ನುಮೂಳೆಯೇ ಸೀಳಿದೆ ಅಂದುಕೊಂಡು ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ.

ಆ ಪಟ್ಟೆಗಳು ಬಂದಿದ್ದು ಗ್ರಿಡ್ ಅನ್ನೋ ಸಾಧನದಿಂದ.

ಮಂಜು ಕವಿದಾಗ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸಿದ್ದೀರಾ? ಹೆಡ್‌ಲೈಟ್ ಜಾಸ್ತಿ ಮಾಡಿದಷ್ಟೂ ಎದುರಿಗೆ ಬರೀ ಬಿಳಿ ಗೋಡೆ. ಬೆಳಕು ಮಂಜಿನ ಹನಿಗೆ ತಾಗಿ ಎಲ್ಲ ಕಡೆ ಚೆದುರುತ್ತದೆ, ಅಲ್ವಾ? ಎಕ್ಸ್ ಕಿರಣವೂ ಮೈಯೊಳಗೆ ಹೀಗೇ ಚೆದುರುತ್ತದೆ. ಹೊಟ್ಟೆ, ಸೊಂಟದಂಥ ದಪ್ಪ ಜಾಗದಲ್ಲಿ ನೇರವಾಗಿ ಬರುವ ಕಿರಣಕ್ಕಿಂತ ಚೆದುರಿ ಬರುವುದೇ ಹಲವು ಪಟ್ಟು ಇರಬಹುದು. ಹಾಗೇ ಬಿಟ್ಟರೆ ಚಿತ್ರ ಮಸುಕು.

ಇದಕ್ಕೆ ಉಪಾಯ ಮಾಡಿದವರು ಬರ್ಲಿನ್‌ನ ವೈದ್ಯ ಗುಸ್ಟಾವ್ ಬಕಿ, 1913ರಲ್ಲಿ. ನಮ್ಮ ಅಡಿಕೆ ತೋಟದಲ್ಲಿ ಸಾಲಿನ ನೇರಕ್ಕೆ ನಿಂತರೆ ಆ ತುದಿಯ ಬೇಲಿವರೆಗೂ ಕಾಣುತ್ತದೆ, ಸ್ವಲ್ಪ ಓರೆಯಾಗಿ ನೋಡಿದರೆ ಮರಗಳೇ ಅಡ್ಡ. ಗ್ರಿಡ್ ಕೆಲಸ ಮಾಡುವುದೂ ಹೀಗೆಯೇ. ಕೂದಲಿನಷ್ಟು ತೆಳುವಾದ ಸೀಸದ ಪಟ್ಟಿಗಳನ್ನು, ಸೆಂಟಿಮೀಟರಿಗೆ 40ರ ಲೆಕ್ಕದಲ್ಲಿ, ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ. ನೇರ ಬಂದ ಕಿರಣ ಸಂದಿಯಲ್ಲಿ ತೂರುತ್ತದೆ, ಓರೆ ಬಂದದ್ದನ್ನು ಸೀಸ ನುಂಗುತ್ತದೆ. ನೇರ ಬಂದದ್ದರಲ್ಲೂ ಸ್ವಲ್ಪ ನುಂಗುವುದರಿಂದ ಕಿರಣ ಜಾಸ್ತಿ ಬಿಡಬೇಕಾಗುತ್ತದೆ. ಅದಕ್ಕೇ ಕೈ ಬೆರಳಿನಂಥ ತೆಳು ಭಾಗಕ್ಕೆ ಗ್ರಿಡ್ ಹಾಕುವುದಿಲ್ಲ.

ಆದರೆ ಪಟ್ಟಿಗೂ ನೆರಳಿದೆಯಲ್ಲ! ಬಕಿ ತೆಗೆದ ಚಿತ್ರಗಳಲ್ಲೂ ಆ ಗೆರೆ ಬೀಳುತ್ತಿತ್ತು. ಆಮೇಲೆ ಷಿಕಾಗೋದ ಹಾಲಿಸ್ ಪಾಟರ್, ಚಿತ್ರ ತೆಗೆಯುವಾಗ ಗ್ರಿಡ್ಡನ್ನೇ ಸರಿಸಿ ಗೆರೆಗಳನ್ನು ಕಲಸಿಬಿಟ್ಟರು. ಎಷ್ಟು ಸರಳ, ಎಷ್ಟು ಚೆಂದದ ಯೋಚನೆ! ಎಕ್ಸ್‌ರೇ ಕೋಣೆಯಲ್ಲಿ ಇವತ್ತಿಗೂ 'ಬಕಿ' ಅನ್ನೋ ಮಾತು ಕಿವಿಗೆ ಬೀಳುತ್ತದೆ.

ಡಿಜಿಟಲ್ ಬಂದ ಮೇಲೆ ಗೆರೆಯ ಕಾಟ ಬೇರೆ ವೇಷದಲ್ಲಿ ಬಂತು. ಕಾಫಿ ನರ್ಸರಿಯಲ್ಲಿ ಹಸಿರು ನೆರಳು ಬಲೆಯನ್ನು ಎರಡು ಪದರ ಹಾಕಿದಾಗ ನೋಡಿ. ಬಲೆಯ ಕಣ್ಣು ಕಾಣದಷ್ಟು ಸಣ್ಣದು, ಆದರೂ ನೀರಿನ ಅಲೆಯಂಥ ಅಗಲ ಪಟ್ಟೆಗಳು ಎದ್ದು ಕಾಣುತ್ತವೆ. ಗಾಳಿಗೆ ಬಲೆ ಒಂಚೂರು ಅಲುಗಿದರೂ ಸಾಕು, ಪಟ್ಟೆಗಳು ಮಾರುದೂರ ಓಡುತ್ತವೆ. ಇದಕ್ಕೆ ಮ್ವಾರೆ ಅಂತ ಹೆಸರು. ಎಕ್ಸ್‌ರೇಯಲ್ಲಿ ಒಂದು ಬಲೆ ಗ್ರಿಡ್, ಇನ್ನೊಂದು ಚಿತ್ರದ ಪಿಕ್ಸೆಲ್, ಅಂದರೆ ಚಿತ್ರ ಕಟ್ಟುವ ಚುಕ್ಕಿಗಳ ಸಾಲು. ಪಿಕ್ಸೆಲ್ 0.2 ಮಿಲಿಮೀಟರ್ ಇದ್ದರೆ ಸೆಂಟಿಮೀಟರಿಗೆ 50 ಚುಕ್ಕಿ ಆಯಿತು. 40 ಗೆರೆಯನ್ನು ಸರಿಯಾಗಿ ಹಿಡಿಯಲು ಕನಿಷ್ಠ 80 ಚುಕ್ಕಿಗಿಂತ ಜಾಸ್ತಿ ಬೇಕು. ಸಾಲದಿದ್ದರೆ 50ರಲ್ಲಿ 40 ಕಳೆದು ಉಳಿಯುವ 10 ಸುಳ್ಳು ಪಟ್ಟೆಗಳು ಹುಟ್ಟುತ್ತವೆ.

ಸೆಂಟಿಮೀಟರಿಗೆ 60-70 ಪಟ್ಟಿಯ ಗ್ರಿಡ್ ಹಾಕಿ, ಸಾಫ್ಟ್‌ವೇರಿನಿಂದ ಒರೆಸಿ, ಅಥವಾ ಹಳೇ ದಾರಿಯಲ್ಲಿ ಗ್ರಿಡ್ ಸರಿಸಿ ಇದನ್ನು ತಡೆಯುತ್ತಾರೆ. ಚಿತ್ರ ತೆಗೆಯುವಾಗಲೇ ಒಳಸೇರಿದ ಸುಳ್ಳು ಪಟ್ಟೆ ಹಿಗ್ಗಿಸಿದರೂ ಹೋಗುವುದಿಲ್ಲ. ಆದರೆ ಎಷ್ಟೋ ಸಲ ಮೂಲ ಚಿತ್ರ ಸರಿಯಾಗೇ ಇರುತ್ತದೆ, ಅದನ್ನು ಮೊಬೈಲ್ ಪರದೆಗೆ ಕುಗ್ಗಿಸಿದಾಗ ಚುಕ್ಕಿ ಸಾಲದೆ ಪಟ್ಟೆ ಏಳುತ್ತದೆ.

ನಮ್ಮದೂ ಅದೇ. ಬೆಳಿಗ್ಗೆ ಅಮ್ಮನ ಪಕ್ಕ ಕೂತು ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದೆ. ಪಟ್ಟೆಗಳು ದಪ್ಪ ಆದವು, ಓರೆ ಆದವು, ಇನ್ನೂ ಹಿಗ್ಗಿಸಿದಾಗ ಮಾಯ. ಮೂಳೆ ಮಾತ್ರ ಇದ್ದಲ್ಲೇ ಇತ್ತು. ಅಮ್ಮ ಮೊಬೈಲ್ ಇಸ್ಕೊಂಡು, ತಾವೇ ನಾಲ್ಕು ಸಲ ಹಿಗ್ಗಿಸಿ ಕುಗ್ಗಿಸಿ ನೋಡಿ, ಕಾಫಿ ಇಡಲು ಎದ್ದರು.