ಬಿರುಕು ಹುಡುಕುವ ತೋಳ, ಬಾವಲಿ, ತಿಮಿಂಗಿಲ

ಕೆಜಿಎಫ್‌ನ ಹಳಬರಿಗೆ ರಾಕ್‌ಬರ್ಸ್ಟ್ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಒತ್ತಡ ತಾಳದೆ ಬಂಡೆ ಸಿಡಿದರೆ ನೆಲದ ಮೇಲಿನ ಮನೆಗಳೂ ಅದುರುತ್ತಿದ್ದವು. ಎಲ್ಲಿ ಸಿಡಿಯಿತು ಅಂತ ತಿಳಿಯಲು ನೆಲದ ಅದುರನ್ನು ಗುರುತಿಸುವ ಜಿಯೋಫೋನ್‌ಗಳನ್ನು ಅಲ್ಲಲ್ಲಿ ಇಟ್ಟರು. ಅಲೆ ಒಂದೊಂದನ್ನು ಒಂದೊಂದು ಹೊತ್ತಿಗೆ ಮುಟ್ಟುತ್ತದೆ. ಒಂದು ಜಾಗ ಊಹಿಸಿ, ಅಲ್ಲಿಂದ ಅಲೆ ಬರಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ, ದಾಖಲೆಯ ಜೊತೆ ತಾಳೆ ನೋಡಬೇಕು. ವ್ಯತ್ಯಾಸ ಜಾಸ್ತಿ ಇದ್ದರೆ ಊಹೆ ಬದಲಿಸಬೇಕು. ವ್ಯತ್ಯಾಸ ಅತಿ ಕಡಿಮೆಯಾಗುವ ಜಾಗವೇ ಉತ್ತರ. ಆಪ್ಟಿಮೈಸೇಷನ್ ಅಂದರೆ ಇದೇ.

ಸೇತುವೆ, ಕಟ್ಟಡಗಳಲ್ಲಿ ಅಲೆಯ ಬದಲು ಕಂಪನವನ್ನು ನೋಡುತ್ತಾರೆ. ಬಿರುಕು ಬಿಟ್ಟರೆ ಬಿಗಿ ಕಮ್ಮಿಯಾಗಿ ಕಂಪನದ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನುವುದು, ಇಳಿಯುತ್ತದೆ. ಆ ಇಳಿಕೆಯಿಂದ ದೋಷದ ಜಾಗ ಹುಡುಕಬಹುದು ಅಂತ 1979ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಕಾಲಿ ಮತ್ತು ಆಡಮ್ಸ್ ತೋರಿಸಿದರು. ಆದರೆ ಲೆಕ್ಕ ದೊಡ್ಡದು. ಕಂಪ್ಯೂಟರಿನಲ್ಲಿ ಸೇತುವೆಯನ್ನು 20 ತುಂಡು ಮಾಡಿ, ಪ್ರತಿ ತುಂಡಿಗೂ ಹಾನಿಯ 10 ಹಂತ ಇಟ್ಟರೆ, 1ರ ಮುಂದೆ 20 ಸೊನ್ನೆಯಷ್ಟು ಸಾಧ್ಯತೆಗಳು! ಎಲ್ಲವನ್ನೂ ಪರೀಕ್ಷಿಸಲು ಆಗುವುದಿಲ್ಲ. ಜಾಣತನದಿಂದ ಊಹಿಸುವ ವಿಧಾನ ಬೇಕಾಯಿತು. ಅಮೆರಿಕದ ವಿಜ್ಞಾನಿ ಜಾನ್ ಹಾಲೆಂಡ್ 1975ರಲ್ಲಿ ಪುಸ್ತಕದಲ್ಲಿ ವಿವರಿಸಿದ್ದ ಜೆನೆಟಿಕ್ ಆಲ್ಗಾರಿದಮ್ (ಒಳ್ಳೆಯ ಊಹೆಗಳನ್ನು ಬೆರೆಸಿ ಹೊಸ ಊಹೆ ಹುಟ್ಟಿಸುವ ಲೆಕ್ಕದ ವಿಧಾನ), 1995ರಲ್ಲಿ ಬಂದ ಪಾರ್ಟಿಕಲ್ ಸ್ವಾರ್ಮ್ (ಹಕ್ಕಿ ಹಿಂಡಿನಂತೆ ಊಹೆಗಳು ಒಟ್ಟಾಗಿ ಹುಡುಕುವ ವಿಧಾನ) ಇಲ್ಲಿ ನೆರವಿಗೆ ಬಂದವು. ಆಮೇಲೆ ಬಾವಲಿ, ತೋಳ, ತಿಮಿಂಗಿಲದ ಹೆಸರಿನ ಆಲ್ಗಾರಿದಮ್‌ಗಳೂ ಸಾಲಾಗಿ ಬಂದವು. ಹೆಸರಿಗೇನು ಕೊರತೆ, ಅಲ್ವಾ?

ನನ್ನ ಪ್ರಕಾರ ತೊಡಕು ಇರುವುದು ಹುಡುಕುವ ವಿಧಾನದಲ್ಲಲ್ಲ, ಅಳತೆಯಲ್ಲಿ. 1993ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ರಿಯೊ ಗ್ರಾಂಡೆ ನದಿಯ ಮೇಲೆ ಕೆಡವಲಿದ್ದ ಹೆದ್ದಾರಿ ಸೇತುವೆಯೊಂದರ ಉಕ್ಕಿನ ತೊಲೆಯನ್ನು ಬೇಕಂತಲೇ ನಾಲ್ಕು ಹಂತದಲ್ಲಿ ಕತ್ತರಿಸಿದರು. ಕೊನೆಯ ಹಂತದವರೆಗೂ ಫ್ರೀಕ್ವೆನ್ಸಿ ಹೆಚ್ಚುಕಮ್ಮಿ ಹಾಗೇ ಇತ್ತು. ಅದೇ ರಾಜ್ಯದ ಅಲಮೋಸಾ ಕ್ಯಾನ್ಯನ್ ಸೇತುವೆಯಲ್ಲಿ ಯಾರೂ ಏನೂ ಕತ್ತರಿಸದೆ ಸುಮ್ನೆ ಒಂದು ಹಗಲು ರಾತ್ರಿ ಅಳೆದಾಗ ಫ್ರೀಕ್ವೆನ್ಸಿ ಸುಮಾರು 5% ಏರುಪೇರಾಯಿತು. ಕಾರಣ ಬಿಸಿಲು. ಇಡೀ ಸೇತುವೆಯ ಬಿಗಿ 10% ಕುಸಿದರೂ ಫ್ರೀಕ್ವೆನ್ಸಿ ಇಳಿಯುವುದು ಸುಮಾರು ಅಷ್ಟೇ, 5%!

ಇನ್ನೊಂದು ಪೇಚು: ಎರಡೂ ತುದಿ ಒಂದೇ ತರ ಇರುವ ತೊಲೆಯಲ್ಲಿ ಎಡಗಡೆಯ ಬಿರುಕಿಗೂ ಬಲಗಡೆ ಅಷ್ಟೇ ದೂರದ ಬಿರುಕಿಗೂ ಫ್ರೀಕ್ವೆನ್ಸಿ ಒಂದೇ. ಯಾವ ತೋಳ ಬಂದರೂ ಅದನ್ನು ಬಿಡಿಸಲಾರದು. ಅದಕ್ಕೇ ಈಗ ತೊಲೆ ಬಾಗುವ ಆಕಾರವನ್ನೂ ಅಳೆಯುತ್ತಾರೆ.

ಕೋಲಾರದ ಏಪ್ರಿಲ್ ಬಿಸಿಲಿಗೂ ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಗೂ ಇರುವ ಅಂತರ ನೆನೆಸಿಕೊಳ್ಳಿ. ನಮ್ಮ ಕಡೆಯ ಸೇತುವೆಗೆ ಈ ವಿಧಾನ ಬಳಸುವುದಾದರೆ, ಅದು ಗಟ್ಟಿಯಾಗಿರುವಾಗಲೇ ಕನಿಷ್ಠ ಒಂದು ವರ್ಷ ಉಷ್ಣಾಂಶ, ಕಂಪನ ಎರಡನ್ನೂ ಬರೆದಿಡಬೇಕು. ಆಲ್ಗಾರಿದಮ್ ಆರಿಸುವುದು ಅದರ ನಂತರದ ಕೆಲಸ.