ಕಿಡಿ ಹುಟ್ಟೋದು ಕರೆಂಟ್ ನಿಂತಾಗ

ಘಾಟಿ ಹತ್ತುತ್ತಿದ್ದ ಹಳೆ ಅಂಬಾಸಿಡರ್ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ. ಡ್ರೈವರ್ ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಜೋರಾಗೇ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗೋದಿಲ್ಲ. ಹಿಂದಿನ ಸೀಟಿನಿಂದ ಅಜ್ಜಿ "ಯಾರದೋ ದೃಷ್ಟಿ ತಾಗಿದೆ ಕಣೋ" ಅನ್ನುತ್ತಾರೆ. ನಿಂಬೆಹಣ್ಣು ನಿವಾಳಿಸಿ ಚಕ್ರದಡಿ ಇಡುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಎಲ್ಲರಿಗೂ ಚೂರು ಹಂಚುತ್ತಾರೆ, ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಸೆಲ್ಫ್ ಹೊಡೆದರೆ ಎಂಜಿನ್ ಗುರ್ರ್ ಅಂತ ಎದ್ದೇಳುತ್ತದೆ. ಚಿಕ್ಕವನಿದ್ದಾಗ ಇದನ್ನು ಎರಡು ಸಲ ಕಣ್ಣಾರೆ ನೋಡಿದ್ದೇನೆ. ಕಾರನ್ನು ಎಬ್ಬಿಸಿದ್ದು ತೆಂಗಿನಕಾಯಿ ಅಲ್ಲ, ಆ ಅರ್ಧ ಗಂಟೆ. ಅಷ್ಟು ಹೊತ್ತಿನಲ್ಲಿ ಬಾನೆಟ್ ಕೆಳಗೆ ಏನಾಯಿತು ಅನ್ನೋದು ಎಷ್ಟು ಚೆಂದದ ವಿಷಯ ಅಂದರೆ, ಅದನ್ನು ದೃಷ್ಟಿಯ ಲೆಕ್ಕಕ್ಕೆ ಹಾಕಿ ಮರೆತುಬಿಡೋದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಸೆಲ್ಫ್ ಜೋರಾಗಿ ತಿರುಗಿಸುತ್ತಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಅದರ ಕೆಲಸ ಅದು ಮಾಡುತ್ತಿದೆ. ಸಾಮಾನ್ಯವಾಗಿ ಉಳಿದಿದ್ದು ಎರಡೇ: ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಮೆಕ್ಯಾನಿಕ್‌ಗಳು ಎರಡನೆಯದಕ್ಕೆ "ಕರೆಂಟ್ ಬರ್ತಿಲ್ಲ" ಅನ್ನುತ್ತಾರೆ. ಜನರ ತಪ್ಪು ಕಲ್ಪನೆ ಹುಟ್ಟೋದೂ ಈ ಮಾತಿನಿಂದಲೇ. ಬ್ಯಾಟರಿಯಿಂದ ಕರೆಂಟ್ ಹರಿದು ಹೋಗಿ, ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಸುವ ಪ್ಲಗ್‌ನಲ್ಲಿ ಕಿಡಿಯಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ 12 ವೋಲ್ಟ್ ಬ್ಯಾಟರಿಗೆ ಪ್ಲಗ್‌ನ ಸಂದಿಯನ್ನು ಹಾರುವ ತಾಕತ್ತೇ ಇಲ್ಲ. ಹಳೆ ಕಾರಿನಲ್ಲಿ ಕಿಡಿ ಹುಟ್ಟೋದು ಕರೆಂಟ್ ಹರಿಯುವಾಗ ಅಲ್ಲ, ಹರಿಯುತ್ತಿದ್ದ ಕರೆಂಟನ್ನು ತಟ್ಟನೆ ಕಡಿದಾಗ.

ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಡಬ್ಬಿಯೇ ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿ ಸುತ್ತಿರುತ್ತಾರೆ. ದಪ್ಪ ತಂತಿ ಕೆಲವು ನೂರು ಸುತ್ತು. ಕೂದಲಿನಂಥ ಸಣ್ಣ ತಂತಿ ಸುಮಾರು 20,000 ಸುತ್ತು. ಕಿಡಿಯನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಸ್ವಿಚ್ಚಿನಂತೆ ತೆರೆದು ಮುಚ್ಚುವ ಪಾಯಿಂಟ್ ಇರುತ್ತದೆ. ಅದು ಮುಚ್ಚಿದಾಗ ದಪ್ಪ ತಂತಿಯಲ್ಲಿ ಮೂರು ನಾಲ್ಕು ಆಂಪಿಯರ್ ಕರೆಂಟ್ ಹರಿದು ತಿರುಳು ಅಯಸ್ಕಾಂತ ಆಗುತ್ತದೆ. ಪಾಯಿಂಟ್ ಟಕ್ ಅಂತ ತೆರೆದುಕೊಂಡ ಕ್ಷಣ ಆ ಅಯಸ್ಕಾಂತ ಕುಸಿಯುತ್ತದೆ, ಕುಸಿಯುವ ರಭಸಕ್ಕೆ ಎರಡೂ ತಂತಿಗಳಲ್ಲಿ ವೋಲ್ಟೇಜ್ ಏಳುತ್ತದೆ.

ತೋಟದಲ್ಲಿ ಪಂಪ್‌ಸೆಟ್ ನೀರು ಉದ್ದ ಪೈಪಿನಲ್ಲಿ ರಭಸವಾಗಿ ಹರಿಯುವಾಗ ವಾಲ್ವನ್ನು ಒಂದೇ ಏಟಿಗೆ ಮುಚ್ಚಿದರೆ ಪೈಪು ಧಡ್ ಅಂತ ಒದೆಯುತ್ತದೆ ಅಲ್ವಾ, ಹಾಗೆ. ಕವಣೆಯನ್ನು ನೆನೆಸಿಕೊಳ್ಳಿ. ಎಷ್ಟು ಹೊತ್ತು ತಿರುಗಿಸಿದರೂ ಕಲ್ಲು ಹಾರೋದು ಬಿಟ್ಟ ಗಳಿಗೆಯಲ್ಲೇ. ಇನ್ನೂ ಹತ್ತಿರದ್ದು ಬೇಕಾದರೆ ಹಳೆ ಟ್ಯೂಬ್‌ಲೈಟ್ ನೋಡಿ. ಅದು ಮಿಣುಕ್ ಮಿಣುಕ್ ಅನ್ನುವಾಗ ಸ್ಟಾರ್ಟರ್ ಮಾಡುವುದೂ ಇದೇ ಕೆಲಸ: ಚೋಕ್‌ನಲ್ಲಿ ಹರಿಯುವ ಕರೆಂಟನ್ನು ಕಡಿಯೋದು, ಆ ಒದೆತಕ್ಕೆ ಟ್ಯೂಬ್ ಹೊತ್ತಿಕೊಳ್ಳೋದು. ಇದು ಬರೀ ಹೋಲಿಕೆಯಲ್ಲ, ಅದೇ ವಿಜ್ಞಾನ.

ಪಾಯಿಂಟ್ ಮುಚ್ಚುವಾಗ ಯಾಕೆ ಕಿಡಿ ಬರೋದಿಲ್ಲ ಅಂತ ಕೇಳಬಹುದು. ಮುಚ್ಚುವಾಗ ದಪ್ಪ ತಂತಿಯ ಮೇಲೆ ಬ್ಯಾಟರಿಯ 12 ವೋಲ್ಟ್‌ಗಿಂತ ಜಾಸ್ತಿ ಬೀಳಲು ಸಾಧ್ಯವೇ ಇಲ್ಲ. ಸಣ್ಣ ತಂತಿಯ ಸುತ್ತು ಸುಮಾರು ನೂರು ಪಟ್ಟು ಇರೋದರಿಂದ ವೋಲ್ಟೇಜೂ ಅಲ್ಲಿ ನೂರು ಪಟ್ಟಾಗುತ್ತದೆ. ಹಾಗೆ ಮಾಡಿದರೂ 1,200 ಆಯಿತು, ಅದು ಸಾಲದು. ಕಡಿದಾಗ ಮಾತ್ರ ಆ ಮಿತಿ ಇಲ್ಲ. ದಪ್ಪ ತಂತಿಯಲ್ಲೇ ಇನ್ನೂರು ಮುನ್ನೂರು ವೋಲ್ಟ್ ಚಿಮ್ಮುತ್ತದೆ. ಅದರ ನೂರು ಪಟ್ಟು ಅಂದರೆ 20,000 ದಾಟಿತು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಈ ಆಟ ಸೆಕೆಂಡಿಗೆ 100 ಸಲ ನಡೆಯುತ್ತದೆ!

ಇದರ ಬೇರು, ಅಯಸ್ಕಾಂತದ ಬಲ ಬದಲಾದಾಗ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ ಅಂತ ತೋರಿಸಿದ ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆಯ 1831ರ ಪ್ರಯೋಗದಲ್ಲಿದೆ. ಐದು ವರ್ಷದ ನಂತರ, 1836ರಲ್ಲಿ, ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಿಕೊಲಸ್ ಕ್ಯಾಲನ್ ಎಂಬ ಪಾದ್ರಿ ಇಂಥ ಎರಡು ತಂತಿ ಸುತ್ತಿದ ಕಾಯಿಲ್ ಮಾಡಿದರು. ವೋಲ್ಟೇಜ್ ಅಳೆಯಲು ಒಳ್ಳೆಯ ಸಾಧನ ಇಲ್ಲದ ಕಾಲ ಅದು, ಹಾಗಾಗಿ ಕಾಯಿಲ್‌ನ ಶಕ್ತಿ ನೋಡಲು ಅವರು ವಿದ್ಯಾರ್ಥಿಗಳಿಗೇ ಶಾಕ್ ಕೊಟ್ಟು ನೋಡುತ್ತಿದ್ದರು. ಅಮೆರಿಕದ ಡೇಟನ್‌ನಲ್ಲಿ, ಒಂದು ಕೊಟ್ಟಿಗೆಯಲ್ಲಿ ಕೂತು ಚಾರ್ಲ್ಸ್ ಕೆಟರಿಂಗ್ ಇದನ್ನು ಕಾರಿಗೆ ಹೊಂದುವ ಬ್ಯಾಟರಿ ಇಗ್ನಿಷನ್, ಅಂದರೆ ಕಿಡಿ ಹೊತ್ತಿಸುವ ವ್ಯವಸ್ಥೆ ಮಾಡಿದರು. 1912ರ ಕ್ಯಾಡಿಲ್ಯಾಕ್‌ಗೆ ಬಂದ ಸೆಲ್ಫ್ ಸ್ಟಾರ್ಟರ್ ಕೂಡ ಅವರದೇ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಕಿಡಿ ಹೊತ್ತಿಸಿದ್ದು ಇದೇ ಉಪಾಯ. ಪ್ಲಗ್ ಅಂದರೆ ನಮ್ಮೂರಿನ ಗ್ಯಾರೇಜುಗಳಲ್ಲಿ ಆಗ ಮೈಕೋ ಪ್ಲಗ್, 1951ರಲ್ಲಿ ಶುರುವಾದ ಬೆಂಗಳೂರಿನ ಕಂಪನಿಯದು.

ಈಗ ಕಂಡೆನ್ಸರ್. ಹೆಬ್ಬೆರಳ ಗಾತ್ರದ ಈ ಡಬ್ಬಿ ಮೇಲೆ ನನಗೆ ವಿಶೇಷ ಪ್ರೀತಿ. ಪಾಯಿಂಟ್ ತೆರೆಯಲು ಶುರುವಾದಾಗ ಸಂದಿ ಇನ್ನೂ ಕೂದಲೆಳೆಯಷ್ಟೇ ಇರುತ್ತದೆ. ಕರೆಂಟ್ ಅಲ್ಲೇ ಹಾರಿಬಿಡುತ್ತದೆ. ಹಾಗೆ ಹಾರಿದರೆ ಕಡಿತ ಚೂಪಾಗಿ ಆಗೋದಿಲ್ಲ. ಪಾಯಿಂಟೂ ಸುಡುತ್ತದೆ, ಪ್ಲಗ್‌ನಲ್ಲಿ ಕಿಡಿಯೂ ಸೊರಗುತ್ತದೆ. ಕಂಡೆನ್ಸರ್ ಆ ಕ್ಷಣ ಕರೆಂಟನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಅಷ್ಟರಲ್ಲಿ ಪಾಯಿಂಟ್ ದೂರ ಸರಿದಿರುತ್ತದೆ. ತೂಬು ಮುಚ್ಚುವಾಗ ಉಕ್ಕಿಬಂದ ನೀರಿಗೆ ಪಕ್ಕದಲ್ಲೊಂದು ಗುಂಡಿ ತೋಡಿಟ್ಟ ಹಾಗೆ. ಕಾಯಿಲ್‌ಗೆ ಕಂಡೆನ್ಸರ್ ಸೇರಿಸುವ ಯೋಚನೆ ಫ್ರಾನ್ಸಿನ ಫಿಜೋ ಅವರದು, 1853ರದ್ದು. ಬೆಳಕಿನ ವೇಗವನ್ನು ಹಲ್ಲಿನ ಚಕ್ರ ತಿರುಗಿಸಿ ಅಳೆದರಲ್ಲ, ಅದೇ ಫಿಜೋ.

ಇಷ್ಟು ಗೊತ್ತಿದ್ದರೆ ದೋಷ ಹುಡುಕೋದು ಊಹೆಯ ಕೆಲಸ ಆಗಿ ಉಳಿಯೋದಿಲ್ಲ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ಬಿಡಿಸಿ. ಅದರ ತುದಿಯನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಎಂಜಿನ್ ಲೋಹದಿಂದ ಐದಾರು ಮಿಲಿಮೀಟರ್ ದೂರದಲ್ಲಿಡಿ. ಸುತ್ತ ಪೆಟ್ರೋಲ್ ಸೋರಿರಬಾರದು, ಇದನ್ನು ದಯವಿಟ್ಟು ಮೊದಲು ನೋಡಿಕೊಳ್ಳಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟ್ ಚಟ್ ಅಂದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಸರಿಯಾಗಿವೆ, ತೊಂದರೆ ಮುಂದೆ ಡಿಸ್ಟ್ರಿಬ್ಯೂಟರಿನ ರೋಟರ್ (ಒಳಗೆ ತಿರುಗುವ ತುಂಡು), ಕ್ಯಾಪ್ (ಮುಚ್ಚಳ), ಪ್ಲಗ್ ಕಡೆ ಇದೆ, ಇಲ್ಲವೇ ಪೆಟ್ರೋಲ್‌ನಲ್ಲಿದೆ. ಮಳೆಗಾಲದಲ್ಲಾದರೆ ಕ್ಯಾಪ್ ಒಳಗೆ ತೇವ ಕೂತಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಕಿಡಿ ಸೊರಗಿ ಹಳದಿಯಾಗಿದ್ದು, ಪಾಯಿಂಟ್‌ನಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ.

ಕಿಡಿಯೇ ಇಲ್ಲವಾ? ಒಂದು 12 ವೋಲ್ಟ್ ಬಲ್ಬ್ ತಗೊಳ್ಳಿ. ಒಂದು ವೈರನ್ನು ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ತೆಳು ವೈರಿನ ತುದಿಗೆ, ಇನ್ನೊಂದನ್ನು ಕಾರಿನ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಬಲ್ಬ್ ಹೊತ್ತಿ ಆರಿ ಆಗುತ್ತಿದ್ದರೆ ಪಾಯಿಂಟ್ ಕಡಿಯುತ್ತಿದೆ. ಹೊತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚಿದರೂ ಕರೆಂಟ್ ದಾಟುತ್ತಿಲ್ಲ, ಮೇಲೆ ಕೊಳೆ ಕೂತಿದೆ, ನಯವಾದ ಎಮರಿ ಪೇಪರ್‌ನಲ್ಲಿ ಉಜ್ಜಿ. ಹೊತ್ತೋದೇ ಇಲ್ಲ ಅಂದರೆ ಒಂದೋ ಕೀ ಕಡೆಯಿಂದ ಕರೆಂಟ್ ಬರುತ್ತಿಲ್ಲ, ಅಥವಾ ಕಾಯಿಲ್ ಒಳಗೆ ತಂತಿ ತುಂಡಾಗಿದೆ, ಅಥವಾ ಪಾಯಿಂಟ್ ತೆರೆಯುತ್ತಲೇ ಇಲ್ಲ, ಅಥವಾ ಕಂಡೆನ್ಸರ್ ಶಾರ್ಟ್ ಆಗಿದೆ. ಪಾಯಿಂಟ್ ಪೂರ್ತಿ ತೆರೆದಾಗ ಸಂದಿ 0.4 ಮಿಲಿಮೀಟರ್ ಆಸುಪಾಸಿನಲ್ಲಿರಬೇಕು. ದಾರಿಯಲ್ಲಿ ಸಂದಿ ಅಳೆಯುವ ಗೇಜ್ ಇಲ್ಲದಿದ್ದರೆ ದಪ್ಪ ವಿಸಿಟಿಂಗ್ ಕಾರ್ಡ್ ಬಿಗಿಯಾಗಿ ಹೋಗುತ್ತದಾ ನೋಡಿ.

ಆ ಅರ್ಧ ಗಂಟೆಯಲ್ಲಿ ತಣ್ಣಗಾಗುವ ವಸ್ತು ಎರಡು. ವಯಸ್ಸಾದ ಕಾಯಿಲ್ ಒಳಗೆ ಸಣ್ಣ ತಂತಿಯ ಮೇಲಿನ ವಾರ್ನಿಷ್ ಬಿಸಿಗೆ ಸೋತು, ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ಕರೆಂಟ್ ಸೋರುತ್ತದೆ. ತಣ್ಣಗಾದರೆ ಮತ್ತೆ ಸ್ವಲ್ಪ ದೂರ ಓಡುತ್ತದೆ. ಇನ್ನೊಂದು ಎಂಜಿನ್ ಪಕ್ಕದಲ್ಲೇ ಕೂತು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್. ಘಾಟಿ ಹತ್ತುವ ಕಾವಿಗೆ ಅದರೊಳಗಿನ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆಯೇ ಹೊರತು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್‌ಗೆ ಹೋಗೋದಿಲ್ಲ. ಹಳೆ ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಇದಕ್ಕೇ.

ಇವೆರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಕಾರು ಬಿಸಿಯಿದ್ದಾಗಲೇ, ನಿಂತ ಎರಡು ನಿಮಿಷದೊಳಗೇ ಕಿಡಿ ನೋಡಬೇಕು. ತಣ್ಣಗಾದ ಮೇಲೆ ಮೆಕ್ಯಾನಿಕ್ ಬಂದರೆ ಅವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಬಿಸಿಯಲ್ಲಿ ನೀಲಿ ಕಿಡಿ ಇದ್ದರೆ ಪಂಪಿಗೆ ಒದ್ದೆ ಬಟ್ಟೆ. ಕಿಡಿ ಇಲ್ಲದಿದ್ದರೆ ಕಾಯಿಲ್ ಮೇಲೇ ಅನುಮಾನ, ಊರಿಗೆ ಹೋದ ಮೇಲೆ ಹೊಸದು ಹಾಕಿಸಿ. ನೋಡಿ ಆದ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ದು ಕೀ ಆನ್ ಇದ್ದರೆ, ನಾಲ್ಕು ಆಂಪಿಯರ್ ಸುಮ್ನೆ ಹರಿಯುತ್ತಾ ಕಾಯಿಲನ್ನು ಇನ್ನೂ ಬಿಸಿ ಮಾಡುತ್ತಲೇ ಇರುತ್ತದೆ. ಅಜ್ಜಿ ಎಷ್ಟು ಕಾಯಿ ಒಡೆದರೂ ಆಗ ಕಾರು ಏಳೋದಿಲ್ಲ.