ಅಯ್ಯನವರು ಹೋದ ಮೇಲೆ ಸಭೆ ನೋಡಿಕೊಳ್ಳುವವರು ಯಾರು?

ಚರ್ಚಿನ ಸಭೆ ನೋಡಿಕೊಳ್ಳುವ ಅಯ್ಯನವರು, ಅಂದರೆ ಸಭಾಪಾಲಕರು, ಇದ್ದಕ್ಕಿದ್ದಂತೆ ಬಿಟ್ಟು ಹೋದರೂ ಭಾನುವಾರದ ಆರಾಧನೆ ಹೇಗೋ ನಡೆಯುತ್ತದೆ. ಕಷ್ಟ ಗೊತ್ತಾಗುವುದು ಆಮೇಲೆ. ಮಗುವಿನ ದೀಕ್ಷಾಸ್ನಾನ ಯಾರ ಕೈಲಿ ಮಾಡಿಸುವುದು? ಆಸ್ಪತ್ರೆಯಲ್ಲಿ ಮಲಗಿದವರ ಹತ್ತಿರ ಹೋಗಿ ಪ್ರಾರ್ಥನೆ ಮಾಡುವವರು ಯಾರು? ಅವರು ಯಾಕೆ ಹೋದರು ಅಂತ ಯಾರೂ ಬಾಯಿಬಿಡದಿದ್ದರೆ, ಅಕ್ಕಪಕ್ಕ ಕೂರುತ್ತಿದ್ದ ಮನೆಯವರೇ ಮಾತು ಬಿಡುತ್ತಾರೆ. ಬಳ್ಳಾರಿ, ರಾಯಚೂರು ಕಡೆ ಈ ನೋವು ಎಲ್ಲಾ ಸಭೆಗಳಲ್ಲೂ ಒಂದೇ ಥರ ಇರುವುದಿಲ್ಲ. ಒಂದೊಂದು ಸಭೆ ಹುಟ್ಟಿದ ರೀತಿಯೇ ಬೇರೆ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಈ ಸೊಸೈಟಿಯಲ್ಲಿ ಕಾಂಗ್ರಿಗೇಷನಲ್ ಪಂಥದವರೇ ಜಾಸ್ತಿ. ಸಭೆಗಳ ಮೇಲೆ ಅಧಿಕಾರ ನಡೆಸುವ ಬಿಷಪ್ ಬೇಡ, ಸಭೆಯೇ ತನ್ನ ಪಾಲಕರನ್ನು ಆರಿಸಿಕೊಳ್ಳಬೇಕು ಅನ್ನುವುದು ಆ ಪಂಥದ ನಂಬಿಕೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪ್ರೊಟೆಸ್ಟಂಟ್ ಪಂಥಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಹುಟ್ಟಿತು. ಕಾಂಗ್ರಿಗೇಷನಲ್ ಸಭೆಗಳೂ ಬಿಷಪ್ ಇರುವ ಚರ್ಚಿನೊಳಗೆ ಬಂದವು. ಅಲ್ಲಿ ಪಾಲಕರಿಗೆ ವರ್ಗಾವಣೆ ಇದೆ. ಇನ್ನೊಂದು ಪ್ರೊಟೆಸ್ಟಂಟ್ ಪಂಥವಾದ ಮೆಥಡಿಸ್ಟರ ರಾಯಚೂರು ಕಡೆಯ ಸಭೆಗಳಿಗೆ ಪಾಲಕರನ್ನು ನೇಮಿಸುವವರೂ ಬಿಷಪ್ಪರೇ. ಹೋಗುವುದು ಮೊದಲೇ ಗೊತ್ತಿದ್ದರೆ ಅಳು ಬಂದರೂ ಸಭೆ ಒಡೆಯುವುದಿಲ್ಲ.

ಕ್ಯಾಥೊಲಿಕರ ಬಳ್ಳಾರಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ) ಆದದ್ದು 1949ರಲ್ಲಿ. ರಾಯಚೂರು, ಕೊಪ್ಪಳ ಕೂಡ ಅದಕ್ಕೇ ಸೇರುತ್ತವೆ. ಬಿಷಪ್ ಸ್ಥಾನ ಖಾಲಿಯಾದರೆ ಎಂಟು ದಿನದೊಳಗೆ ಒಬ್ಬ ಆಡಳಿತಾಧಿಕಾರಿಯನ್ನು ಆರಿಸಬೇಕು, ಹೊಸ ಬಿಷಪ್ ಬರುವವರೆಗೆ ಹೊಸ ಬದಲಾವಣೆ ಏನೂ ಮಾಡಬಾರದು ಅನ್ನುವುದು ಅವರ ಚರ್ಚಿನ ಕಾನೂನು. ಇದರಲ್ಲಿ ಬಹಳ ವಿವೇಕ ಇದೆ ಅನ್ನಿಸುತ್ತದೆ ನನಗೆ. ನೊಂದ ಮನಸ್ಸು ಅವಸರದಲ್ಲಿ ದೊಡ್ಡ ತೀರ್ಮಾನ ತೆಗೆದುಕೊಳ್ಳಬಾರದು, ಅಲ್ವಾ?

ಜಾಸ್ತಿ ಪೆಟ್ಟು ಬೀಳುವುದು ಸ್ವತಂತ್ರ ಪ್ರಾರ್ಥನಾ ಮಂದಿರಗಳಿಗೆ. ಒಬ್ಬ ಪಾಸ್ಟರ್ ತಮ್ಮ ಮನೆಯಲ್ಲೇ ಕೂಟ ಶುರು ಮಾಡಿರುತ್ತಾರೆ. ಜಾಗ, ಬ್ಯಾಂಕ್ ಖಾತೆ ಎಲ್ಲಾ ಅವರ ಹೆಸರಲ್ಲೇ ಉಳಿದಿರುತ್ತದೆ. ಅವರು ಹೊರಟರೆ ಇನ್ನೊಬ್ಬರನ್ನು ಕಳಿಸಲು ಮೇಲೆ ಯಾರೂ ಇಲ್ಲ. ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಬೈಬಲಿನಲ್ಲಿ ಬರುವ ಕೊರಿಂಥದ ಸಭೆ ಜಗಳವಾಡಿದ್ದೂ ಹೀಗೇ ಮನುಷ್ಯರ ಹೆಸರು ಹಿಡಿದು.

ಇಂಥ ಸಭೆಗೆ "ಎಲ್ಲಾ ಮರೆತು ಕ್ಷಮಿಸಿಬಿಡಿ" ಅಂತ ಮೊದಲ ವಾರವೇ ಹೇಳುವುದು ತಪ್ಪು. ಪಾಲಕರಿಂದಲೇ ಯಾರಿಗಾದರೂ ಅನ್ಯಾಯ ಆಗಿದ್ದರೆ ಮೊದಲು ಅವರ ಮಾತು ಕೇಳಬೇಕು, ಕಾನೂನಿನ ವಿಷಯವಾದರೆ ಪೊಲೀಸರ ತನಕ ಹೋಗಬೇಕು. ಏನಾಯಿತು ಅಂತ ಹಿರಿಯರು ಸಭೆಯ ಮುಂದೆ ನಿಂತು ಹೇಳಬೇಕು. ಲೆಕ್ಕ ಓದಬೇಕು. ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರಕ್ಕೆ) ಪಕ್ಕದ ಊರಿನ ಪಾಲಕರನ್ನು ಕರೆಯಬಹುದು. ಮನೆ ಮನೆಗೆ ಹೋಗಿ ಪ್ರಾರ್ಥನೆ ಮಾಡುವ ಸ್ತ್ರೀಯರ ಕೂಟಕ್ಕೆ ಕಮಿಟಿಯಲ್ಲೂ ಜಾಗ ಕೊಡಬೇಕು, ಯಾವ ಮನೆಯಲ್ಲಿ ಯಾರು ಬರುವುದು ಬಿಟ್ಟಿದ್ದಾರೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಹೊಸಬರನ್ನು ಹುಡುಕುವುದು ಇದೆಲ್ಲಾ ಆದ ಮೇಲೆ. ಅವರು ಬರುವ ಮುಂಚೆಯೇ ಜಾಗವನ್ನು ಟ್ರಸ್ಟಿನ ಹೆಸರಿಗೆ ಮಾಡಿಸಿ, ಖಾತೆಗೆ ಕನಿಷ್ಠ ಇಬ್ಬರ ಸಹಿ ಇರುವಂತೆ ನೋಡಿಕೊಳ್ಳಬೇಕು.